ಚಿಮುಟದ ತುದಿಯ ತುಕ್ಕು

ಆಯುಧಪೂಜೆಗೆ ನಮ್ಮ ಮನೆಯಲ್ಲಿ ಮೊದಲು ಹೊರಬರುವುದು ತಾತನ ಕುಡುಗೋಲು. ಮೂಡಲಪಾಳ್ಯದ ಹೊಲ ಸೈಟುಗಳಾಗಿ, ಸೈಟುಗಳು ಮೂರಂತಸ್ತಿನ ಮನೆಗಳಾಗಿ ಯಾವ ಕಾಲವಾಯಿತೋ. ತಾತನೂ ಇಲ್ಲ. ಕುಡುಗೋಲಿನ ತುಕ್ಕು ಉಜ್ಜಲು ಮಾತ್ರ ಅಮ್ಮ ಯಾರಿಗೂ ಬಿಡುವುದಿಲ್ಲ; ಆ ತುಕ್ಕಿನಲ್ಲಿ ನಮ್ಮ ಹೊಲದ ಮಣ್ಣಿದೆಯಂತೆ.

"ನಿನ್ನ ಆಯುಧ ಎಲ್ಲೇ?" ಎಂದಳು, ನಾನು ಭೌತಶಾಸ್ತ್ರದ ಪಿಎಚ್‌ಡಿ ಮುಗಿಸುತ್ತಿದ್ದ ವರ್ಷ. ಲ್ಯಾಬಿನ ಯಂತ್ರವನ್ನು ಹೊತ್ತು ತರಲಾದೀತೆ? ಪ್ಲಾಸ್ಟಿಕ್ ಚಿಮುಟ ತಂದೆ. ಕಬ್ಬಿಣ ಸೋಕಿದರೆ ಅಳತೆ ಕೆಡುತ್ತದೆಂದು ನಾವು ಬಳಸುವುದೇ ಪ್ಲಾಸ್ಟಿಕ್ಕಿನದು. ಅಮ್ಮ ಅದನ್ನು ಕುಡುಗೋಲಿನ ಮೇಲೆಯೇ ಇಟ್ಟು ಕುಂಕುಮ ಹಚ್ಚಿದಳು. ಹಬ್ಬ ಮುಗಿದ ಮೇಲೆ ಒರೆಸಿಕೊಂಡು ಹೋದೆ.

ಅದರಿಂದ ನಾನು ಹಿಡಿಯುತ್ತಿದ್ದದ್ದು ಸಾಸಿವೆಯಷ್ಟು ಕಪ್ಪು ಹರಳನ್ನು. ವರ್ಷಗಟ್ಟಲೆ ಕುಲುಮೆ ಕಾದು ಪಡೆದದ್ದು ಅದೊಂದೇ. ಅದರ ಪರಮಾಣುಗಳು ಪುಟ್ಟ ಅಯಸ್ಕಾಂತಗಳು. ಒಂದು ಮೇಲೆ ನೋಡಿದರೆ ಪಕ್ಕದ್ದು ಕೆಳಗೆ ನೋಡುತ್ತದೆ, ಒಟ್ಟು ಸೊನ್ನೆ. ಆ ಸೊನ್ನೆಯನ್ನು ತೋರಿಸದಿದ್ದರೆ ನನ್ನ ಕೆಲಸವೆಲ್ಲ ನೀರುಪಾಲು.

ಜ್ಯೂಸ್ ಕುಡಿಯುವಂಥ ಸ್ಟ್ರಾದೊಳಗೆ ಹರಳನ್ನು ಕೂರಿಸಿ ಯಂತ್ರದ ಕೊರೆವ ಚಳಿಗೆ ಇಳಿಸಿದೆ. ಯಂತ್ರ ಅದನ್ನು ಮೇಲೆ ಕೆಳಗೆ ತೂಗುತ್ತದೆ. ಸುತ್ತಲಿನ ತಂತಿಸುರುಳಿ ಅದರ ಕಾಂತತೆಯನ್ನು ಅಳೆಯುತ್ತದೆ. ಪಂಪಿನ ಜೋಗುಳಕ್ಕೆ ನನಗೇ ಕಣ್ಣು ಎಳೆಯುತ್ತಿತ್ತು. ಹೊರಗಿನಿಂದ ಕೊಟ್ಟ ಕಾಂತಕ್ಷೇತ್ರವನ್ನು ತೆಗೆದ ಮೇಲೆ ಪರದೆಯ ಮೇಲಿನ ಗೆರೆ ಸೊನ್ನೆಗೆ ಇಳಿಯಬೇಕಿತ್ತು. ಇಳಿಯಲಿಲ್ಲ. ಹರಳು ಏನನ್ನೋ ನೆನಪಿಟ್ಟುಕೊಂಡಿತ್ತು. ಗೈಡ್ ಅವರನ್ನು ಕರೆದು ತೋರಿಸಿದೆ.

"ಖಾಲಿ ಸ್ಟ್ರಾ ಹಾಕಿ ನೋಡಮ್ಮ," ಎಂದರು ಗೈಡ್. ಅದೇ ಚಿಮುಟದಿಂದ ಹಿಡಿದು ಖಾಲಿ ಸ್ಟ್ರಾ ಇಳಿಸಿದೆ. ಅದಕ್ಕೂ ನೆನಪಿತ್ತು! ಸೂಕ್ಷ್ಮದರ್ಶಕದಡಿ ಚಿಮುಟದ ತುದಿಯನ್ನಿಟ್ಟು ನೋಡಿದರೆ, ಕುಂಕುಮದ ಜಿಡ್ಡಿಗೆ ಅಂಟಿದ ತುಕ್ಕು, ಕಬ್ಬಿಣದ ಪುಡಿ. ಇಷ್ಟು ಹೊತ್ತೂ ಯಂತ್ರ ಅಳೆದದ್ದು ತಾತನ ಕುಡುಗೋಲನ್ನು.

ಹರಳನ್ನು ಆಮ್ಲದಲ್ಲಿ ತೊಳೆದು, ಹೊಸ ಚಿಮುಟ, ಹೊಸ ಸ್ಟ್ರಾ ತೆಗೆದುಕೊಂಡೆ. ಈ ಸಲ ಗೆರೆ ಮೆಲ್ಲಗೆ ಇಳಿದು ಸೊನ್ನೆಯ ಮೇಲೆ ಕೂತಿತು. ಸಂತೋಷಕ್ಕೆ ಅತ್ತೇಬಿಟ್ಟೆ. ಸಂಜೆ ನಮ್ಮ ಬೀದಿಯಲ್ಲಿ ನಡೆಯುವಾಗ, ನಿಲ್ಲಿಸಿದ್ದ ಕಾರುಗಳ ನಡುವೆ ನಾನು ಕಂಡೇ ಇರದ ರಾಗಿ ಪೈರು ಅಲುಗಿದಂತಾಯಿತು.

ಸೊಪ್ಪು ಬಿಡಿಸುತ್ತಿದ್ದ ಅಮ್ಮನಿಗೆ ಎಲ್ಲ ಹೇಳಿದೆ.

"ಒಳ್ಳೇದಾಯ್ತು ಬಿಡು. ಆ ಪುಡಿ ಏನ್ ಮಾಡ್ದೆ?"

"ಸಿಂಕಲ್ಲಿ ತೊಳ್ದ್‌ಬಿಟ್ಟೆ ಕಣಮ್ಮ."

ಅಮ್ಮನ ಕೈ ನಿಂತಿತು.

"ಉಳಿದಿರೋದೇ ಅಷ್ಟು ಹೊಲ ಕಣೇ," ಎಂದಳು.