ನೀರು ಬೇಡವೆಂದ ಗಿಡ

ಹೂವಿನ ವಿಷಯದಲ್ಲಿ ನಾನು ಅರಸಿಕ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಲಹಂಕದ ನಮ್ಮ ಮನೆಯಲ್ಲಿ ಕನಕಾಂಬರ, ಸೇವಂತಿಗೆ, ದಾಸವಾಳಗಳೆಲ್ಲ ಅಮ್ಮನ ಸುಪರ್ದಿಗೆ ಸೇರಿದ್ದವು. ನನ್ನ ಸುಪರ್ದಿಯಲ್ಲಿ ಇದ್ದದ್ದು ಒಂದು ಸೈಕಲ್ಲು, ಲೆಕ್ಕ ಹಾಕುವ ಒಂದು ಸ್ಲೈಡ್ ರೂಲು, ಮತ್ತೆ ಭಾನುವಾರ ಮಧ್ಯಾಹ್ನದ ನಿದ್ದೆ. ಅಂಥ ನಾನು ಒಂದು ಹೂವಿಗೋಸ್ಕರ ಮೂರು ವರ್ಷ ತಲೆ ಕೆಡಿಸಿಕೊಂಡೆ, ಬೀದಿಯವರಿಂದ ನಗಿಸಿಕೊಂಡೆ, ಹೆತ್ತ ತಾಯಿಯ ಮನಸ್ಸು ನೋಯಿಸಿದೆ ಎಂದರೆ ನೀವು ನಂಬಬೇಕು. ಈಗ ನೆನೆದರೆ ನನಗೇ ನಂಬಲಾಗುವುದಿಲ್ಲ.

ಐವತ್ತರ ದಶಕದ ಕೊನೆಯ ಮಾತು. ನಾನಾಗ ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ಯಂತ್ರ ಕೂಡಿಸಿಕೊಡಲು ಯೂರೋಪಿನಿಂದ ಬಂದಿದ್ದ ಎಂಜಿನಿಯರೊಬ್ಬರು ಕೆಲಸ ಮುಗಿಸಿ ಊರಿಗೆ ಹೊರಟಾಗ, ಅವರ ಹೆಂಡತಿ, ಗಂಡನಿಗೆ ನಕ್ಷೆ ಬರೆದುಕೊಡುತ್ತಿದ್ದ ನನ್ನನ್ನು ಕ್ವಾರ್ಟರ್ಸಿಗೆ ಕರೆಸಿ ಒಂದು ಬುಟ್ಟಿ ಕೊಟ್ಟರು. ಒಳಗೆ ಏಳು ಗೆಡ್ಡೆಗಳು, ಥೇಟ್ ಹಸಿಶುಂಠಿ. ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ತಗಡಿನ ಚೂರು, ಅದರ ಮೇಲೆ ಬಣ್ಣದ ವಿವರ. ಕಪ್ಪೋ ನೇರಳೆಯೋ ಎಂದು ಹೇಳಲಾಗದ್ದು ಒಂದು, ಬಿಳಿಯ ಅಂಚಿಗೆಲ್ಲ ನೀಲಿ ಹೊಲಿಗೆ ಹಾಕಿದಂಥದ್ದು ಇನ್ನೊಂದು, ಮೇಲೆ ಹಳದಿ ಕೆಳಗೆ ಮರೂನು ಮತ್ತೊಂದು. ಎಲ್ಲಕ್ಕಿಂತ ಅಪರೂಪದ್ದು ಕಾಫಿ ಬಣ್ಣದ್ದಂತೆ. ಅವರ ತಾಯಿಯ ತೋಟದವು. ಇಲ್ಲಿ ಎರಡು ವರ್ಷ ಸಾಕಿದರೂ ಒಂದೂ ಹೂ ಬಿಟ್ಟಿರಲಿಲ್ಲ. ಇಲ್ಲಿಯವರ ಕೈಯಲ್ಲಾದರೂ ಬಿಟ್ಟೀತು, ಬಿಟ್ಟರೆ ನನಗೊಂದು ಕಾಗದ ಬರೆಯಿರಿ ಎಂದರು. ಹಾಗೆ ಹೇಳುವಾಗ ಆಕೆಯ ಕಣ್ಣು ಒದ್ದೆಯಾದದ್ದೇ ನನ್ನನ್ನು ಕೆಡಿಸಿದ್ದು. ಬರೆದೇ ಬರೆಯುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಐರಿಸ್ ಎಂದು ಅದರ ಹೆಸರು. ಗ್ರೀಕರಲ್ಲಿ ಐರಿಸ್ ಎಂದರೆ ಕಾಮನಬಿಲ್ಲಿನ ದೇವತೆ. ಇಷ್ಟು ಬಣ್ಣ ಇನ್ಯಾವ ಹೂವಿಗೂ ಇಲ್ಲವೆಂದು ಆ ಹೆಸರು ಬಂತಂತೆ. ಇದರಲ್ಲಿ ಗಡ್ಡದ ಐರಿಸ್ ಎಂಬುದೊಂದು ಜಾತಿ. ಕೆಳಗೆ ಇಳಿಬಿದ್ದ ದಳದ ಮೇಲೆ ಕಂಬಳಿಹುಳುವಿನ ಹಾಗೆ ಒಂದು ಸಾಲು ರೋಮವಿರುತ್ತದೆ, ದುಂಬಿಗೆ ದಾರಿ ತೋರಿಸಲಿಕ್ಕೆ. ಗೆಡ್ಡೆಯನ್ನು ವರ್ಷಗಟ್ಟಲೆ ಒಣಗಿಸಿಟ್ಟರೆ ಅದಕ್ಕೂ ಪರಿಮಳ ಬಂದು ಅತ್ತರಿಗೆ ಆಗುತ್ತದಂತೆ. ಇದನ್ನೆಲ್ಲ ನಾನು ತೋಟಗಾರಿಕೆಯ ಒಂದು ಪುಸ್ತಕ ತಂದು, ಅದನ್ನು ನೋಡಿ ಅಮ್ಮನಿಗೆ ವಿವರಿಸಿದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ, ಗಡ್ಡವಿರುವ ಹೂವನ್ನು ಯಾವ ಹೆಂಗಸು ಮುಡಿಯುತ್ತಾಳೆ ಎಂದು. ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ನೋಡಲು ಶುಂಠಿಯಂತಿದೆ, ಶುಂಠಿಯ ಹಾಗೇ ನೆಟ್ಟರಾಯಿತು ಎಂದುಕೊಂಡೆ. ಗೇಣು ಆಳ ತೋಡಿ, ಕೊಟ್ಟಿಗೆ ಗೊಬ್ಬರ ತುಂಬಿ ಹೂತೆ. ಮೊದಲ ಮಳೆಗೇ ಎರಡು ಕೊಳೆತು ಹೋದವು. ಆಮೇಲೆ ಪುಸ್ತಕದ ಮುಂದಿನ ಪುಟ ಓದಿದೆ. ಈ ಗೆಡ್ಡೆ ಮಣ್ಣಿನ ಮೇಲೆ ಬೆನ್ನು ಬಿಟ್ಟುಕೊಂಡು ಬಿಸಿಲು ಕಾಯಿಸಬೇಕಂತೆ. ಗೊಬ್ಬರ ಬೇಡ, ನೀರಂತೂ ಬೇಡವೇ ಬೇಡ, ಚಳಿ ಮಾತ್ರ ಚೆನ್ನಾಗಿ ಬೇಕು. ಉಳಿದ ಐದನ್ನು ಕಿತ್ತು ಮೇಲೆ ಕೂರಿಸಿದೆ. ಅವು ಚಿಗುರಿ, ಕತ್ತಿಯಂಥ ಎಲೆ ಬಿಟ್ಟು ನಿಂತವು. ಅಷ್ಟೇ, ಮುಂದಕ್ಕೆ ಏನೂ ಇಲ್ಲ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಒಂದು ಸಂಜೆ ಕಾರ್ಖಾನೆಯಿಂದ ಬಂದವನು ಗೆಡ್ಡೆಗಳನ್ನು ಮುಟ್ಟಿ ನೋಡಿದೆ. ಮೂರು ಗೆಡ್ಡೆ ಮೆತ್ತಗೆ ಗಂಜಿಯಾಗಿ ನಾರುತ್ತಿದ್ದವು. ಮಳೆ ಬಂದಿರಲಿಲ್ಲ. ಅಮ್ಮನನ್ನು ಕೇಳಿದೆ. ಅಮ್ಮ ಮುಚ್ಚಿಡಲಿಲ್ಲ. ದಿನಾ ಮಧ್ಯಾಹ್ನ ಸುಡು ಬಿಸಿಲಲ್ಲಿ ಒಂದೊಂದಕ್ಕೂ ಒಂದೊಂದು ಚೊಂಬು ನೀರು ಹಾಕುತ್ತಿದ್ದಳಂತೆ.

"ಬಾಯಾರ್ಕೊಂಡು ನಿಂತವೆ, ಅವುನ್ನ ನೋಡ್ಕೊಂಡು ನಾನೆಂಗೋ ಉಣ್ಲಿ?" ಎಂದಳು.

ನಾನು ರೇಗಿದೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ, ಕೊನೆಯ ಮಾತು ಮಾತ್ರ ಚೆನ್ನಾಗಿ ನೆನಪಿದೆ. "ಇನ್ಮೇಲೆ ನನ್ನ ಗಿಡಗಳ ಹತ್ರ ನೀನು ಬರ್ಲೇಬೇಡ" ಎಂದೆ. ಅಮ್ಮ ಒಳಗೆ ಹೋಗಿ ಆ ಹಿತ್ತಾಳೆ ಚೊಂಬನ್ನು ತೊಳೆದು ಅಡುಗೆಮನೆಯ ಗೂಡಿನಲ್ಲಿ ಬೋರಲು ಹಾಕಿದಳು. ಅವತ್ತಿನಿಂದ ಅದು ಹಾಗೇ ಇತ್ತು. ಅವಳ ಕನಕಾಂಬರಕ್ಕೂ ಆಮೇಲೆ ನಾನೇ ನೀರು ಹಾಕಬೇಕಾಯಿತು. ಮೊದಲು ಅಮ್ಮ ಹಿತ್ತಲಲ್ಲಿ ಗಿಡಗಳ ಜೊತೆ ಗೊಣಗಿಕೊಂಡು ಓಡಾಡುವುದು ನನಗೆ ಒಳಗೆ ಕೇಳಿಸುತ್ತಿತ್ತು. ಅದೂ ನಿಂತುಹೋಯಿತು. ತಪ್ಪಾಯಿತು ಅನ್ನಲು ನಾಲಿಗೆ ಹೊರಳಲಿಲ್ಲ. ಹೂವೊಂದು ಬಿಟ್ಟುಬಿಡಲಿ, ಅದನ್ನು ತೋರಿಸಲು ಕರೆಯುವ ನೆಪದಲ್ಲಿ ಎಲ್ಲ ಸರಿಮಾಡಿಕೊಂಡರಾಯಿತು ಎಂದು ಹೇಡಿಯ ಲೆಕ್ಕ ಹಾಕಿದೆ. ನೋಡಿ, ಒಂದು ಮಾತಿನಲ್ಲಿ ಮುಗಿಯುವುದನ್ನು ಒಂದು ಗೆಡ್ಡೆಯ ತಲೆಗೆ ಕಟ್ಟಿದೆ.

ಕೊಳೆತ ಮೂರನ್ನೂ ಸಿಟ್ಟಿನಲ್ಲಿ ಬಚ್ಚಲುಮನೆಯ ಹಿಂದಕ್ಕೆ ಎಸೆದಿದ್ದೆ. ಉಳಿದವು ಎರಡು. ಅವುಗಳಲ್ಲಿ ಹೂ ಬಿಡಿಸಲೇಬೇಕೆಂದು ಹಟ ಹಿಡಿದೆ. ಚಳಿ ಬೇಕು ತಾನೇ? ಯಲಹಂಕದ ಚಳಿ ಸಾಲದಿದ್ದರೆ ಕೊಂಡು ತರೋಣ ಎಂದು, ಡಿಸೆಂಬರಿನಲ್ಲಿ ಭಾನುವಾರ ಭಾನುವಾರ ಯಶವಂತಪುರಕ್ಕೆ ಹೋಗಿ, ಮರದ ಹೊಟ್ಟು ತುಂಬಿದ ಗೋಣಿಯಲ್ಲಿ ಮಂಜುಗಡ್ಡೆ ಕಟ್ಟಿಸಿಕೊಂಡು ಸೈಕಲ್ಲಿನ ಮೇಲೆ ತಂದೆ. ಅರ್ಧ ದಾರಿಯಲ್ಲೇ ಕರಗಿ ನನ್ನ ಪೈಜಾಮವೆಲ್ಲ ಒದ್ದೆಯಾಗುತ್ತಿತ್ತು. ಉಳಿದ ಚೂರನ್ನು ಗಿಡದ ಸುತ್ತ ಜೋಡಿಸಿ ಕೂರುತ್ತಿದ್ದೆ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಬಗ್ಗಿ, ಗಿಡಕ್ಕೆ ಜ್ವರ ಎಷ್ಟು ಡಿಗ್ರಿ ಇದೆ ಸ್ವಾಮಿ ಎಂದು ವಿಚಾರಿಸಿದರು. ಅಮ್ಮ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ನೀರು ಹಾಕಬೇಡವೆಂದ ಮಗ ನೀರನ್ನೇ ಗಟ್ಟಿ ಮಾಡಿ ತಂದು ಹಾಕುತ್ತಿದ್ದಾನಲ್ಲ ಎಂದು ಅನ್ನಿಸಿಯೇ ಇರಬೇಕು. ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಆ ಎರಡು ಗಿಡ ನನ್ನ ಉಪಚಾರಕ್ಕೆ ಕೃತಜ್ಞತೆಯಿಂದ ಇನ್ನೂ ನಾಲ್ಕು ಎಲೆ ಬಿಟ್ಟವು.

ಮೂರನೆಯ ವರ್ಷ, ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಸ್ನಾನಕ್ಕೆ ಸೌದೆ ತರಲು ಬಚ್ಚಲುಮನೆಯ ಹಿಂದಕ್ಕೆ ಹೋದೆ. ಅಲ್ಲಿ ನಮ್ಮ ಹಂಡೆಯ ಒಲೆಯ ಬೂದಿ ಸುರಿಯುವ ಗುಡ್ಡೆ. ಆ ಗುಡ್ಡೆಯ ಬೆನ್ನಿನ ಮೇಲೆ ಹೂ ಅರಳಿತ್ತು.

ನಾನು ಸೌದೆ ಮರೆತು ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತೆ. ಮೂರು ದಳ ಮೇಲೆದ್ದು ಒಂದರ ತಲೆಗೊಂದು ತಾಗಿಸಿಕೊಂಡಿದ್ದವು, ಆಗಷ್ಟೇ ಹುರಿದ ಕಾಫಿ ಬೀಜದ ಬಣ್ಣ. ಮೂರು ಕೆಳಕ್ಕೆ ಇಳಿದಿದ್ದವು, ಅಂಚಿನಲ್ಲಿ ಅದೇ ಕಾಫಿ, ನಡುವೆ ಮಾತ್ರ ನೇರಳೆ, ಆ ನೇರಳೆಯ ಮೇಲೆ ಅರಿಸಿನ ಬಣ್ಣದ ಗಡ್ಡ. ಬಿಸಿಲು ದಳವನ್ನು ದಾಟಿ ಈ ಕಡೆ ಬರುತ್ತಿತ್ತು. ಇಂಥ ಬಣ್ಣ ಹೂವಿನಲ್ಲಿ ಇರಬಹುದೆಂದೇ ನನಗೆ ಗೊತ್ತಿರಲಿಲ್ಲ. ದಿನವಿಡೀ ಸ್ಕೇಲು ಹಿಡಿದು ಗೆರೆ ಎಳೆಯುವವನು ನಾನು, ಆ ಅಂಚಿನ ಒಂದು ಬಳುಕನ್ನು ನನ್ನ ಜನ್ಮದಲ್ಲಿ ಎಳೆಯಲಾರೆ ಅನ್ನಿಸಿತು. ನಿಜ ಹೇಳುತ್ತೇನೆ, ಸಂತೋಷಕ್ಕಿಂತ ಮೊದಲು ಒಂದು ಥರ ಭಯವಾಯಿತು. ಕೊಳೆತದ್ದೆಂದು ನಾನು ಎಸೆದದ್ದು ಇದನ್ನು.

"ಅಮ್ಮಾ" ಎಂದು ಕೂಗಿದೆ. ದನಿ ಹೇಗೆ ಹೊರಟಿತೋ, ಅಮ್ಮ ಹಾವೇನಾದರೂ ಬಂತೋ ಎಂದು ಓಡಿ ಬಂದಳು. ಹೂವನ್ನು ನೋಡಿ ನಿಂತಳು. ಸೆರಗು ಸರಿ ಮಾಡಿಕೊಂಡಳು, ದೊಡ್ಡವರ ಎದುರು ಮಾಡಿಕೊಳ್ಳುವ ಹಾಗೆ.

"ಇಲ್ಲಿ ಚಿಗುರಿದ್ದು ನಿಂಗೆ ಗೊತ್ತಿತ್ತಾ?" ಎಂದು ಕೇಳಿದೆ.

"ಓದ್ ವರ್ಸ್ವೇ ಗೊತ್ತಿತ್ತು" ಎಂದಳು ಅಮ್ಮ. "ಒಂದ್ ಗೆಡ್ಡೆ ಪೂರಾ ಕೊಳ್ತಿರ್ನಿಲ್ಲ. ದಿನಾ ಅದ್ರ ಸುತ್ತ ಬೂದಿ ಉದುರುಸ್ತಿದ್ದೆ. ನೀರಾಕ್ಬ್ಯಾಡ ಅಂದಿದ್ದೆ ನೀನು. ಬೂದಿ ಆಕ್ಬ್ಯಾಡ ಅಂದಿರ್ನಿಲ್ವಲ್ಲ."

ಆಮೇಲೆ, ಕೊಟ್ಟ ಮಾತಿನಂತೆ ಆ ಎಂಜಿನಿಯರರ ಹೆಂಡತಿಗೆ ಕಾಗದ ಬರೆಯಲು ಕೂತು ಪುಸ್ತಕ ತಿರುವಿದಾಗ ಗೊತ್ತಾಯಿತು, ಈ ಜಾತಿಗೆ ಸುಣ್ಣದ ಅಂಶ ಇಷ್ಟ, ಒಲೆಯ ಬೂದಿಯೂ ಒಳ್ಳೆಯದು ಎಂದು. ನಾನು ಆ ಪುಟದವರೆಗೆ ಹೋಗಿಯೇ ಇರಲಿಲ್ಲ. ಆದರೆ ಆ ಹೊತ್ತಿನಲ್ಲಿ ಪುಸ್ತಕ ಯಾರಿಗೆ ಬೇಕಿತ್ತು? ಒಂದು ವರ್ಷಕ್ಕೆ ಹತ್ತಿರವಾಗಿ ಬಾಯಲ್ಲೇ ಇಟ್ಟುಕೊಂಡಿದ್ದ ತಪ್ಪಾಯಿತೆಂಬ ಮಾತು ಆಗಲೂ ಹೊರಗೆ ಬರಲಿಲ್ಲ.

ಅಮ್ಮ ಹೂವಿನಿಂದ ಕಣ್ಣು ತೆಗೆಯದೆ, "ಎಷ್ಟ್ ಬಿಸ್ಲು ನೋಡು ಇಲ್ಲಿ" ಎಂದಳು. ಅಷ್ಟೇ ಅಂದಳು.

ನಾನು ಎದ್ದು ಅಡುಗೆಮನೆಗೆ ಹೋದೆ. ಗೂಡಿನಲ್ಲಿ ಬೋರಲಾಗಿದ್ದ ಚೊಂಬನ್ನು ತೆಗೆದೆ. ಅದರ ಬಾಯಿ ಊರಿದ್ದ ಕಡೆ ಹಲಗೆಯ ಮೇಲೆ ಉಂಗುರದಂತೆ ಕಲೆ ಬಿದ್ದಿತ್ತು. ನೀರು ತುಂಬಿ, ತುಳುಕದಂತೆ ನಡೆದು ಬಂದು ಅಮ್ಮನ ಕೈಗೆ ಕೊಟ್ಟೆ. ಅಮ್ಮ ನನ್ನ ಮುಖ ನೋಡಿದಳು, ಚೊಂಬನ್ನು ನೋಡಿದಳು. ಆಮೇಲೆ ಬಗ್ಗಿ, ಎಲ್ಲಿ ಹಾಕಲೇಬಾರದೆಂದು ನನ್ನ ಪುಸ್ತಕ ಹೇಳಿತ್ತೋ ಸರಿಯಾಗಿ ಅಲ್ಲಿಗೇ, ಗೆಡ್ಡೆಯ ಬೆನ್ನ ಮೇಲೆ, ಪೂರ್ತಿ ಒಂದು ಚೊಂಬು ನೀರು ಹೊಯ್ದಳು.