ಕಾಲು ನೋಡುವ ಸಿಸ್ಟರ್

ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ಸ್ಟಾಫ್ ನರ್ಸ್. ಹರಿಹರದಿಂದ ಬೆಳಗಿನ ಬಸ್ಸಿಗೆ ಬಂದು ಇಳಿದಾಗ ವಾರ್ಡಿನವಳು. ವಾರ್ಡಿನ ಸುತ್ತು ಮುಗಿದರೆ ಶುಗರ್ ರೋಗಿಗಳಿಗೆ ಇನ್ಸುಲಿನ್ ಚುಚ್ಚಿಕೊಳ್ಳಲು ಕಲಿಸುವವಳು. ಆಮೇಲೆ ಡ್ರೆಸ್ಸಿಂಗ್ ಕೋಣೆ. ಅಲ್ಲಿ ಗ್ಲೌಸ್ ಬಿಚ್ಚುವಷ್ಟರಲ್ಲಿ ಆಪರೇಷನ್ ಥಿಯೇಟರಿನಿಂದಲೋ ಇನ್ಶೂರೆನ್ಸ್ ಡೆಸ್ಕಿನಿಂದಲೋ ಕರೆ ಬರುತ್ತದೆ. ಆಡಳಿತದವರು ಇದಕ್ಕೆ ಮಲ್ಟಿಟಾಸ್ಕಿಂಗ್ ಎಂದು ಹೆಸರಿಟ್ಟಿದ್ದಾರೆ. ನಮ್ಮ ಕಡೆ ಇದನ್ನು ಕತ್ತೆ ದುಡಿತ ಎನ್ನುತ್ತಾರೆ.

ಇಷ್ಟರ ನಡುವೆ ನನ್ನದು ಅನ್ನಿಸಿದ ಕೆಲಸ ಒಂದೇ, ಪಾದ ನೋಡುವುದು. ಶುಗರ್ ಹಳೆಯದಾದರೆ ಎಷ್ಟೋ ಜನರಿಗೆ ಪಾದದ ನೋವೇ ಗೊತ್ತಾಗುವುದಿಲ್ಲ. ಚಪ್ಪಲಿ ಕಚ್ಚಿದರೂ ತಿಳಿಯದೆ ಹುಣ್ಣು ಒಳಗೊಳಗೇ ಬೆಳೆಯುತ್ತದೆ. ಅದನ್ನು ಮೊದಲೇ ಹಿಡಿಯಲು ಪೊಡಿಯಾಟ್ರಿ ಎಂಬ ವಿದ್ಯೆಯೇ ಇದೆ, ಬೇರೆ ಊರಿನಲ್ಲಿ ಕೆಲವು ತಿಂಗಳಿದ್ದು ನರ್ಸುಗಳೂ ಪಾದದ ಆರೈಕೆ ಕಲಿಯಬಹುದು ಎಂದು ಗೊತ್ತಾದಂದಿನಿಂದ ನನಗೆ ಅದೇ ಧ್ಯಾನ. ನೌಕರಿ ಬಿಟ್ಟು ಹೋಗುವಂತಿರಲಿಲ್ಲ, ಮನೆ ನಡೆಯುವುದು ಇಬ್ಬರ ದುಡಿಮೆಯಲ್ಲಿ. ಆಸ್ಪತ್ರೆ ರಜೆ ಕೊಟ್ಟು ಕೆಲಸ ಉಳಿಸಿಕೊಟ್ಟರೆ ಸಾಕಿತ್ತು. "ಮಂದಿ ಕಾಲು ನೋಡಾಕೆ ಮತ್ತೊಂದು ಕೋರ್ಸು ಬೇಕೇನು?" ಎಂದು ಗಂಡ ನಕ್ಕರು. ನನಗೆ ಮೈ ಉರಿದುಹೋಯಿತು.

ನಮ್ಮ ಜನಕ್ಕೆ ಕಾಲು ತೋರಿಸುವುದೆಂದರೆ ಸಂಕೋಚ. ದೇವರಾಜ ಅರಸು ಬಡಾವಣೆಯ ಅಜ್ಜ ಒಬ್ಬರು ನಾನು ಪಾದ ಹಿಡಿದಾಗಲೆಲ್ಲ ನನ್ನ ಭುಜ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು, ಕಾಲು ತಾಗಿಸಿದ ತಪ್ಪಿಗೆ. ಇಂಥವರ ಚಪ್ಪಲಿ ಬಿಡಿಸಲು ಕೂತು ಮಾತಾಡಬೇಕು. ಕೂರಲು ನಮಗೆಲ್ಲಿ ಬಿಡುತ್ತಾರೆ?

ಮಾಯಕೊಂಡದ ಹೆಂಗಸೊಬ್ಬರು ಗಂಡನ ಜೊತೆ ಶುಗರ್ ತೋರಿಸಲು ಬರುತ್ತಿದ್ದರು. ಒಂದು ದಿನ ಇನ್ಸುಲಿನ್ ಕಲಿಸುವಾಗ ಕೀವಿನ ವಾಸನೆ ಬಂದು ಸೀರೆಯ ಅಂಚು ಸರಿಸಿ ನೋಡಿದೆ. ಬೆಳ್ಳಿಯ ಕಾಲುಂಗುರ ಊದಿದ ಬೆರಳೊಳಗೆ ಹೂತುಹೋಗಿತ್ತು. ಬಿಪಿ ನೋಡಿದವಳು, ರಕ್ತ ತೆಗೆದವಳು, ಪಥ್ಯ ಹೇಳಿದವಳು, ಯಾರೂ ಕಾಲಿನತ್ತ ಬಗ್ಗಿರಲಿಲ್ಲ. ಅದನ್ನು ಇನ್ನೊಬ್ಬ ಸಿಸ್ಟರ್ ನೋಡುತ್ತಾಳೆ ಎಂದುಕೊಂಡಿದ್ದರು. ಆ ಇನ್ನೊಬ್ಬ ಸಿಸ್ಟರ್ ನಾನೇ.

ಉಂಗುರ ಕತ್ತರಿಸಬೇಕು ಎಂದಾಗ ಆಕೆ ಕಾಲು ಹಿಂದಕ್ಕೆಳೆದುಕೊಂಡರು.

"ಬ್ಯಾಡ್ರಿ ಸಿಸ್ಟರ್. ಇವರು ಕಣ್ಣ ಮುಂದೆ ಕುಂತಿರೋವಾಗ ಕಾಲುಂಗ್ರ ಹೆಂಗ್ ತೆಗಿಸ್ಲಿ?"

"ತಗೀರಿ ಸಿಸ್ಟರ್," ಎಂದರು ಗಂಡ. "ಉಂಗ್ರ ಹೋದ್ರೆ ನಾನೇನು ಸಾಯಲ್ಲ. ಬೆರಳು ಹೋದ್ರೆ ಇವಳು ನಡಿಯೋದು ಹೆಂಗೆ?"

ಕಟರ್ ತಂದು ನಿಧಾನಕ್ಕೆ ಕತ್ತರಿಸಿದೆ. ಹುಣ್ಣು ಇನ್ನೂ ಎಲುಬಿಗೆ ಇಳಿದಿರಲಿಲ್ಲ. ಡಾಕ್ಟರು ನೋಡಿ, ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಆದರೆ ಬೆರಳು ಉಳಿಯುತ್ತದೆ ಎಂದರು. ಹೊರಡುವಾಗ ಆಕೆ ನನ್ನ ಕೈ ಹಿಡಿದುಕೊಂಡರು. "ನೀವೇ ಮಾಡ್ರಿ ತಾಯಿ. ಬ್ಯಾರೆಯವರ ಮುಂದೆ ಕಾಲು ಚಾಚಾಕೆ ನನಗಾಗಲ್ಲ." ಆಗಲಿ ಎಂದೆ. ಆ ದಿನ ನನಗೆ ನನ್ನ ಕೆಲಸದ ಮೇಲೆ ಪ್ರೀತಿ ಬಂದಿತ್ತು.

ಆಕೆ ಮತ್ತೆ ಬಂದ ದಿನ ಇನ್ಶೂರೆನ್ಸ್ ಡೆಸ್ಕಿನ ಹುಡುಗಿ ರಜೆ. ನನ್ನನ್ನು ಮೇಲಿನ ಮಹಡಿಗೆ ಕಳಿಸಿದ್ದರು. ಯಾರದೋ ವಯಸ್ಸು, ಯಾರದೋ ಪಾಲಿಸಿ ನಂಬರನ್ನು ಫೋನಿನಲ್ಲಿ ಹೇಳುತ್ತ ಕೂತಿದ್ದೆ. ಕೆಳಗೆ ಡ್ರೆಸ್ಸಿಂಗ್ ಮಾಡಲು ಗಂಡು ನರ್ಸ್ ಇದ್ದ. ಆಕೆ ಒಲ್ಲೆನೆಂದು ಸಂಜೆಯವರೆಗೆ ಬೆಂಚಿನ ಮೇಲೆ ಕಾದು ಬಸ್ಸು ಹತ್ತಿದರಂತೆ. ನನಗೆ ಯಾರೂ ಹೇಳಲಿಲ್ಲ. ಇನ್ನೊಮ್ಮೆ ಬಂದಾಗ ನಾನು ಥಿಯೇಟರಿನಲ್ಲಿದ್ದೆ. ಆಮೇಲೆ ಆಕೆ ಬಂದದ್ದು ಚಳಿಜ್ವರದಲ್ಲಿ ನಡುಗುತ್ತ. ಪಾದದ ಮುಂಭಾಗ ಕಪ್ಪಾಗಿತ್ತು. ಅಷ್ಟನ್ನೂ ತೆಗೆದರು.

ಆಪರೇಷನ್ ಆದ ಮೇಲೆ ಆಕೆ ನನ್ನ ವಾರ್ಡಿಗೇ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಅವತ್ತು ಎಲ್ಲಿಗೆ ಹೋಗಿದ್ರಿ ತಾಯಿ?"

"ಎಲ್ಲಿಗೂ ಹೋಗಿರಲಿಲ್ಲಮ್ಮ. ಇಲ್ಲೇ ಮೇಲಿದ್ದೆ."

ಆಕೆ ತಲೆಯೆತ್ತಿ ಚಾವಣಿ ನೋಡಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ನೇರ ನರ್ಸಿಂಗ್ ಸೂಪರಿಂಟೆಂಡೆಂಟ್ ಕೋಣೆಗೆ ಹೋಗಿ ಕೋರ್ಸಿಗೆ ರಜೆ ಕೇಳಿದೆ. ಸಂಬಳ ಬೇಡ, ಕಲಿತು ಬಂದು ಪಾದ ನೋಡುವುದಕ್ಕೇ ಒಂದು ಕೋಣೆ ನಡೆಸುತ್ತೇನೆ ಎಂದೆ. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಿಟ್ಟುಸಿರು ಬಿಟ್ಟರು.

"ನಿನ್ನ ಕಳಿಸಿದ್ರೆ ನಿನ್ನ ಜಾಗಕ್ಕೆ ನಾಕು ಮಂದಿ ಹಾಕ್ಬೇಕು ನೋಡಮ್ಮ. ಎಲ್ಲಿಂದ ತರ್ಲಿ?"

ನಾನು ನಾಲ್ವರ ಕೆಲಸ ಮಾಡುತ್ತೇನೆಂದು ಈ ಆಸ್ಪತ್ರೆ ಒಪ್ಪಿಕೊಂಡದ್ದು ಅದೇ ಮೊದಲು, ಅದೂ ನನ್ನನ್ನು ಬಿಡದಿರಲಿಕ್ಕೆ. ಯಾರ್‍ಯಾರು ಬೇಕು ಎಂದು ಅವರು ಬೆರಳು ಮಡಚಿ ಹೇಳಿದರು: ವಾರ್ಡಿಗೆ ಒಬ್ಬಳು, ಇನ್ಸುಲಿನ್ ಹೇಳಿಕೊಡಲು ಒಬ್ಬಳು, ಥಿಯೇಟರಿಗೆ ಒಬ್ಬಳು, ಇನ್ಶೂರೆನ್ಸಿಗೆ ಒಬ್ಬಳು. ಕಾಲು ನೋಡುವವಳನ್ನು ಅವರು ಎಣಿಸಲೇ ಇಲ್ಲ.