ಅಣ್ಣನ ಹೆಬ್ಬೆರಳು ನಿಂತ ಜಾಗ

ನಾನು ಜಿಪ್ಪಕ್ಕನನ್ನು ಮೊದಲು ಕಂಡದ್ದು, ನಲವತ್ತೆರಡು ಉತ್ತರಪತ್ರಿಕೆಗಳು ನನ್ನ ಚೀಲದೊಳಗೆ ಸಿಕ್ಕಿಹಾಕಿಕೊಂಡ ದಿನ. ಚೀಲದ ಜಿಪ್ಪು ಹಲ್ಲು ಕಚ್ಚಿಕೊಂಡು ಕುಳಿತಿತ್ತು. ಮರುದಿನ ಬೆಳಿಗ್ಗೆ ಅಂಕಗಳನ್ನು ಒಪ್ಪಿಸಬೇಕಿತ್ತು. "ಬೀದಿ ತಿರುವಿನಲ್ಲಿ ಮೆಟ್ಟಿಲ ಕೆಳಗೆ ಒಬ್ಬರು ಕೂರ್ತಾರೆ ಸಾರ್, ಅವರ ಕೈಗೆ ಕೊಡಿ" ಎಂದು ಶಾಲೆಯ ಜವಾನ ದಾರಿ ತೋರಿಸಿದ. ಹೋದೆ. ಇಳಿಜಾರು ಸೂರಿನ ಪುಟ್ಟ ಕೋಣೆ, ಒಂದು ಹೊಲಿಗೆ ಯಂತ್ರ, ಗೋಡೆಯ ತುಂಬ ರಿಪೇರಿಗೆ ಬಂದ ಚೀಲಗಳು. ಬಗ್ಗಿ ಒಳಗೆ ಕಾಲಿಟ್ಟವನ ಹಣೆಗೆ ಏನೋ ತಗುಲಿತು.

"ಅಯ್ಯೋ, ಜೋಪಾನ!" ಎಂದು ಒಳಗಿದ್ದವರು ಕೂಗಿದರು.

"ಏನೂ ಆಗಿಲ್ಲ ಬಿಡಿ" ಎಂದೆ.

"ನಿಮಗಲ್ಲ ಮೇಷ್ಟ್ರೇ, ರೆಕ್ಕೆಗೆ! ಅಣ್ಣ ನೋಡಿದ್ರೆ ನನ್ನ ಚರ್ಮ ಸುಲೀತಾನೆ."

ತಲೆಯೆತ್ತಿದೆ. ನಾನು ಎರಡೂ ಕೈ ಚಾಚಿದರೆ ಎಷ್ಟಾದೀತೋ ಅಷ್ಟುದ್ದದ ವಿಮಾನದ ರೆಕ್ಕೆಯೊಂದು ದಾರದಲ್ಲಿ ತೂಗುತ್ತಿತ್ತು. ಆಕೆ ಇಕ್ಕಳದಿಂದ ಜಿಪ್ಪನ್ನು ಎರಡು ಸಲ ಅದುಮಿ, ಅರ್ಧ ನಿಮಿಷದಲ್ಲಿ ನನ್ನ ಮಾನ ಉಳಿಸಿದರು. ನಮ್ಮ ಶಾಲೆಯ ಮಕ್ಕಳೆಲ್ಲ ಅವರನ್ನು ಜಿಪ್ಪಕ್ಕ ಎನ್ನುತ್ತಿದ್ದರು. ಕ್ರಮೇಣ ನನ್ನ ಬಾಯಿಗೂ ಅದೇ ಹತ್ತಿತು.

ಅಣ್ಣನೆಂದರೆ ಲಿಫ್ಟ್ ರಿಪೇರಿಯವರು. ತಂದೆ ತಾಯಿ ಬೇಗ ಹೋದ ಮೇಲೆ ತಂಗಿಯನ್ನು ಸಾಕಿ ಬೆಳೆಸಿದವರು. ಇಬ್ಬರೂ ಮದುವೆಯಾಗಲಿಲ್ಲ. ವಾರವಿಡೀ ಪರರನ್ನು ಮೇಲೆ ಕೆಳಗೆ ಸಾಗಿಸುವ ಯಂತ್ರಗಳೊಡನೆ ಹೆಣಗಿ, ಭಾನುವಾರ ಊರಾಚೆಯ ಬಯಲಿನಲ್ಲಿ ತಾವೇ ಕಟ್ಟಿದ ಪುಟ್ಟ ವಿಮಾನ ಹಾರಿಸುತ್ತಿದ್ದರು. ಕೈಯಲ್ಲಿ ರಿಮೋಟು, ಆಕಾಶದಲ್ಲಿ ವಿಮಾನ. ಸಲಕರಣೆಯ ಪೆಟ್ಟಿಗೆ ಹೊತ್ತು ಹಿಂದೆ ನಡೆಯುವ ಕೆಲಸ ತಂಗಿಯದು. ಹತ್ತೊಂಬತ್ತು ವರ್ಷ ಹೊತ್ತರು. ರಿಮೋಟನ್ನು ಮಾತ್ರ ಮುಟ್ಟಿರಲಿಲ್ಲ. ಕೇಳಿದಾಗಲೆಲ್ಲ ಅಣ್ಣ, "ಮುಂದಿನ ವಾರ ಕೊಡ್ತೀನಿ ಕಣೇ" ಎನ್ನುತ್ತಿದ್ದರಂತೆ.

ಒಂದು ಭಾನುವಾರ ಹಳೆಯ ವಿಮಾನ ಮರಕ್ಕೆ ಬಡಿದು ಚೂರಾಯಿತು. ಅದರ ರೇಡಿಯೋ ಸಾಮಾನುಗಳನ್ನೆಲ್ಲ ಬಿಚ್ಚಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು ಅಣ್ಣ ಹೊಸದೊಂದನ್ನು ಕಟ್ಟಿದರು. ಹಳದಿ ಬಣ್ಣದ್ದು. ರೇಡಿಯೋ ಕೂರಿಸುವುದೊಂದೇ ಬಾಕಿ. ಅಷ್ಟರಲ್ಲಿ ಯಾವುದೋ ಕಟ್ಟಡದ ಮೂರನೆಯ ಮಹಡಿಯಲ್ಲಿ, ಕೆಟ್ಟ ಲಿಫ್ಟಿನ ಪಕ್ಕದ ಮೆಟ್ಟಿಲ ಮೇಲೆ, ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ.

ಮೂರು ತಿಂಗಳ ಮೇಲೆ, ನಾನು ನಿವೃತ್ತನಾದ ತಿಂಗಳೇ, ಜಿಪ್ಪಕ್ಕ ನಮ್ಮ ಮನೆಗೆ ಬಂದರು. ಕಂಕುಳಲ್ಲಿ ವಿಮಾನ, ಕೈಯಲ್ಲಿ ಡಬ್ಬಿ, ಡಬ್ಬಿಯ ಮೇಲೆ ಇಂಗ್ಲಿಷಿನ ಕೈಪಿಡಿ.

"ಇದನ್ನ ಓದಿ ಹೇಳಿ ಮೇಷ್ಟ್ರೇ. ಕೈ ನನ್ನದು, ಕಣ್ಣು ನಿಮ್ಮದು."

ಬಯಲಿನಲ್ಲಿ ಹಾರಿಸುವವರ ಗುಂಪಿನ ಹಿರಿಯರು, ಎಲ್ಲರೂ ಕ್ಯಾಪ್ಟನ್ ಎನ್ನುವ ನಿವೃತ್ತ ಗುಮಾಸ್ತರು, ತಾವೇ ಕೂರಿಸಿಕೊಡುತ್ತೇವೆಂದು ಹೇಳಿದ್ದರು. "ಅವರಿಗೇ ಕೊಡಬಹುದಿತ್ತಲ್ಲ?" ಎಂದು ಕೇಳಿದೆ.

"ಅಣ್ಣ ಕಟ್ಟಿದ್ದು ಒಂದ್ಸಲ ಮೇಲೆ ಹೋಗ್ಬೇಕು. ಹಾರಿಸೋದು ಅವರೇ ಹಾರಿಸ್ಲಿ, ಆದರೆ ಕೂರಿಸೋದು ನಮ್ಮ ಮನೆ ಕೈಯೇ ಆಗ್ಬೇಕು. ಅಷ್ಟೇ."

ಡಬ್ಬಿ ಬಿಚ್ಚಿದೆವು. ರಿಮೋಟಿನ ಸಂಕೇತ ಹಿಡಿಯುವ ರಿಸೀವರು, ಬೆಂಕಿಪೊಟ್ಟಣದಂಥ ನಾಲ್ಕು ಸರ್ವೋಗಳು, ಒಂದು ಬ್ಯಾಟರಿ. ಸರ್ವೋದ ತಲೆಯ ಮೇಲಿನ ಪುಟ್ಟ ತೋಳು ತಿರುಗಿದರೆ, ಅದಕ್ಕೆ ಕಟ್ಟಿದ ತಂತಿ ರೆಕ್ಕೆಯ ಅಂಚಿನ ಪಟ್ಟಿಯನ್ನೋ ಬಾಲವನ್ನೋ ಎಳೆಯುತ್ತದೆ. ರಿಮೋಟಿನಲ್ಲಿ ಎರಡು ಹಿಡಿಕಡ್ಡಿಗಳು. ಪ್ರತಿಯೊಂದರ ಅಂಚಿನಲ್ಲೂ ಜಾರುವ ಚಿಕ್ಕ ಗುಂಡಿ. ಅದೇ ಟ್ರಿಮ್ಮು. ವಿಮಾನ ಒಂದು ಕಡೆ ವಾಲಿದರೆ, ಅದನ್ನು ಸ್ವಲ್ಪ ಸರಿಸಿ ನೇರ ಮಾಡಬೇಕು. ಹಳೆಯ ವಿಮಾನಕ್ಕೆ ಎಡಕ್ಕೆ ವಾಲುವ ಚಾಳಿ. ಹಾಗಾಗಿ ಒಂದು ಗುಂಡಿ ಬಲತುದಿಗೇ ಹೋಗಿ ನಿಂತಿತ್ತು.

ಕೈಪಿಡಿಯ ಮೊದಲ ಸಾಲನ್ನೇ ಕನ್ನಡದಲ್ಲಿ ಹೇಳಿದೆ: "ಎಲ್ಲ ಟ್ರಿಮ್ಮುಗಳನ್ನೂ ನಡುವಿಗೆ ತರಬೇಕು. ಆಮೇಲೆ ಸರ್ವೋಗಳ ತೋಳುಗಳನ್ನು ನೆಟ್ಟಗೆ ಕೂರಿಸಬೇಕು."

ಜಿಪ್ಪಕ್ಕ ಗುಂಡಿಗೆ ಕೈ ಹಚ್ಚಲಿಲ್ಲ. "ಮುಂದೆ ಓದಿ."

"ಇದಾದ ಮೇಲೇ ಮುಂದಿನದು."

"ಅವನ ಬಟ್ಟೆ ಕೊಟ್ಟುಬಿಟ್ಟೆ ಮೇಷ್ಟ್ರೇ. ಹಾಸಿಗೆ ಒಗೆದೆ. ಚಪ್ಪಲೀನೂ ಯಾರೋ ತಗೊಂಡು ಹೋದ್ರು. ಇದೊಂದೇ, ಅವನ ಹೆಬ್ಬೆರಳು ತಳ್ಳಿ ಬಿಟ್ಟ ಜಾಗದಲ್ಲಿ ಹಾಗೇ ನಿಂತಿರೋದು. ಮುಂದೆ ಓದಿ."

ಮೂವತ್ತೈದು ವರ್ಷ ತರಗತಿಯಲ್ಲಿ ಒಂದು ಸಾಲನ್ನೂ ಹಾರಿಸಲು ಯಾರಿಗೂ ಬಿಡದ ನಾನು ಪುಟ ತಿರುಗಿಸಿದೆ.

ಆಮೇಲಿನ ಕೆಲಸ ನೋಡಲು ಎರಡು ಕಣ್ಣು ಸಾಲದು. ಎಂಜಿನ್ನಿನ ನಡುಕ ತಾಗದಂತೆ ರಿಸೀವರಿಗೆ ಸ್ಪಂಜು ಸುತ್ತಬೇಕೆಂದು ಕೈಪಿಡಿ ಹೇಳಿದರೆ, ಜಿಪ್ಪಕ್ಕ ಅದಕ್ಕೆ ಸ್ಪಂಜಿನದೇ ಪುಟ್ಟ ಚೀಲ ಹೊಲಿದು ಮುಚ್ಚಳವನ್ನೂ ಇಟ್ಟರು. ಸರ್ವೋದ ಸ್ಕ್ರೂಗಳ ಕೆಳಗೆ ರಬ್ಬರು ಬಿಲ್ಲೆ. ರಿಸೀವರಿನ ಉದ್ದ ತಂತಿಯನ್ನು ಕತ್ತರಿಸದೆ ಬಾಲದವರೆಗೆ ಒಯ್ದರು. ವಿಮಾನವನ್ನು ಎರಡು ಬೆರಳ ಮೇಲೆ ತೂಗಿ, ಮೂತಿ ತುಸು ಬಾಗುವವರೆಗೆ ಬ್ಯಾಟರಿಯನ್ನು ಮುಂದಕ್ಕೆ ತಳ್ಳಿದರು. ತೋಳುಗಳನ್ನು ಮಾತ್ರ, ಬಲಕ್ಕೆ ನಿಂತ ಆ ಗುಂಡಿಗೆ ಹೊಂದಿಸಿಯೇ ಕೂರಿಸಿದರು. ಕಣ್ಣಿಗೆ ಎಲ್ಲವೂ ನೇರವಾಗಿಯೇ ಇತ್ತು.

ಕಡೆಗೆ ಸಂಕೇತದ ಪರೀಕ್ಷೆ. ರಿಮೋಟಿನ ಏರಿಯಲ್ ಕಡ್ಡಿಯನ್ನು ಮಡಚಿ, ಹಿಡಿಕಡ್ಡಿ ಆಡಿಸುತ್ತ ನಾನು ಬೀದಿಯಲ್ಲಿ ಹೆಜ್ಜೆ ಎಣಿಸುತ್ತ ದೂರ ಹೋಗಬೇಕು. ಜಿಪ್ಪಕ್ಕ ವಿಮಾನ ತಬ್ಬಿಕೊಂಡು ಬಾಗಿಲಲ್ಲಿ ನಿಂತರು.

"ಪಟ್ಟಿ ಅಲ್ಲಾಡ್ತಿದೆಯಾ?"

"ಅಲ್ಲಾಡ್ತಿದೆ, ನಡೀರಿ!"

ಎದುರು ಮನೆಯ ಅಜ್ಜಿ ಕಿಟಕಿಯಿಂದ, "ಇವರಿಗೇನು ಬಂತೇ, ಪಿಂಚಣಿ ಬಂದ ತಿಂಗಳೇ ತಲೆ ಕೆಟ್ಟಿತಾ?" ಎಂದು ನನ್ನ ಹೆಂಡತಿಯನ್ನು ಕೇಳಿದರು.

"ಮೊದಲಿಂದಲೂ ಹೀಗೇ ಅಜ್ಜಿ. ಆಗ ಶಾಲೆಯವರು ನೋಡ್ಕೋತಿದ್ರು" ಎಂದಳು ನನ್ನಾಕೆ.

ಭಾನುವಾರ ಬಯಲಿಗೆ ಹೋದೆವು. ಕ್ಯಾಪ್ಟನ್ ರೆಕ್ಕೆಯ ಪಟ್ಟಿಗಳನ್ನು ನೋಡಿ ತಲೆದೂಗಿದರು, ಎಂಜಿನ್ ಚಾಲೂ ಮಾಡಿ ಹಾರಿಸಿಯೇಬಿಟ್ಟರು. ಹಳದಿ ವಿಮಾನ ಮೇಲೆದ್ದ ಕ್ಷಣ ಜಿಪ್ಪಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. ಆದರೆ ಅದೂ ಎಡಕ್ಕೆ ವಾಲತೊಡಗಿತು. ಎರಡೂ ಒಂದೇ ಕೈಯ ಕೆಲಸವಲ್ಲವೇ! ಕ್ಯಾಪ್ಟನ್ ಟ್ರಿಮ್ಮನ್ನು ಬಲಕ್ಕೆ ಸರಿಸಲು ಹೋದರು. ಆಗಲೇ ತುದಿಯಲ್ಲಿದ್ದ ಗುಂಡಿ ಒಂದು ಹಲ್ಲೂ ಸರಿಯಲಿಲ್ಲ.

"ಜಾಗನೇ ಇಲ್ವಲ್ಲ! ಯಾರ್ರೀ ಇದನ್ನ ಇಲ್ಲಿಗೆ ತಳ್ಳಿಟ್ಟು ತೋಳು ಕೂರಿಸಿದ್ದು?"

ಹಿಡಿಕಡ್ಡಿಯನ್ನು ಉದ್ದಕ್ಕೂ ಬಲಕ್ಕೆ ಒತ್ತಿಹಿಡಿದು, ಬೆವರು ಸುರಿಸಿಕೊಂಡು ಇಳಿಸಿದರು. ಎಡರೆಕ್ಕೆಯ ತುದಿ ನೆಲ ಕಚ್ಚಿ ಮುರಿಯಿತು.

"ಮೇಷ್ಟ್ರು ಓದಿದ್ರು. ನಾನೇ ಕೇಳಲಿಲ್ಲ" ಎಂದು ಜಿಪ್ಪಕ್ಕ ಕಾರಣವನ್ನೂ ಹೇಳಿದರು. ಬೈಯಲು ಬಾಯಿ ತೆರೆದಿದ್ದ ಕ್ಯಾಪ್ಟನ್ ಹುಲ್ಲಿನ ಮೇಲೆ ಕುಳಿತುಬಿಟ್ಟರು. "ನಿನ್ನಣ್ಣ ಈ ಗುಂಡೀನ ಒಂದು ಭಾನುವಾರನೂ ಒಂದೇ ಕಡೆ ಬಿಟ್ಟವನಲ್ಲ ಕಣಮ್ಮ" ಎಂದರು. "ಗಾಳಿ ನೋಡಿ ತಳ್ಳೋನು, ಬೈದುಕೊಂಡು ವಾಪಸು ತಳ್ಳೋನು. ಇವತ್ತು ಇದ್ದಿದ್ರೆ ಮೊದಲು ಅದನ್ನೇ ಸರಿಸ್ತಿದ್ದ."

ರೆಕ್ಕೆ ಅಂಟಿಸಿ ಒಣಗಿಸಲು ಒಂದು ವಾರ ಬೇಕಾಯಿತು. ವಾರ ಕಳೆದು ಜಿಪ್ಪಕ್ಕ ಬಂದು ನನ್ನೆದುರು ಕುಳಿತರು. "ಆ ಸಾಲು ಇನ್ನೊಂದ್ಸಲ ಓದಿ."

ಓದಿದೆ. ಅವರು ಗುಂಡಿಯ ಮೇಲೆ ಹೆಬ್ಬೆರಳಿಟ್ಟರು. ತುಂಬ ಹೊತ್ತು ಇಟ್ಟೇ ಇದ್ದರು. ಅಡುಗೆಮನೆಯಲ್ಲಿ ಕುಕ್ಕರು ಎರಡು ಸಲ ಕೂಗಿತು. ಆಮೇಲೆ ಮೆಲ್ಲಗೆ ತಳ್ಳಿದರು. ಕಟ್, ಕಟ್ ಎಂದು ಒಂಬತ್ತು ಹಲ್ಲು ದಾಟಿ ಗುಂಡಿ ನಡುವಿಗೆ ಬಂದು ನಿಂತಿತು.

"ಇಷ್ಟು ಹಗುರಾನಾ ಇದು?" ಎಂದರು. ಕಣ್ಣೊರೆಸಿಕೊಂಡು ಸ್ಕ್ರೂಡ್ರೈವರ್ ಕೇಳಿದರು.

ಎರಡನೆಯ ಸಲ ವಿಮಾನ ವಾಲಿದಾಗ ಸರಿಸಲು ಜಾಗವಿತ್ತು. ನೇರವಾದ ಮೇಲೆ ಕ್ಯಾಪ್ಟನ್ ಅದನ್ನು ಎತ್ತರಕ್ಕೆ ಕೊಂಡೊಯ್ದು, ರಿಮೋಟನ್ನು ಜಿಪ್ಪಕ್ಕನ ಕೈಗಿಟ್ಟರು. "ಗಟ್ಟಿಯಾಗಿ ಹಿಡೀಬೇಡ. ತನ್ನಷ್ಟಕ್ಕೆ ಹೋಗುತ್ತೆ." ಎರಡು ನಿಮಿಷವಿರಬಹುದು. ಕೈಗೆ ಬಂದ ರಿಮೋಟನ್ನು ಒಮ್ಮೆಯೂ ನೋಡದೆ, ಆಕಾಶದಿಂದ ಕಣ್ಣು ಕೀಳದೆ ನಿಂತಿದ್ದರು.

ಅದಾಗಿ ಆರು ವರ್ಷವಾಯಿತು. ಈಗ ಬಯಲಿನ ಗುಂಪಿನಲ್ಲಿ ಯಾರದೇ ವಿಮಾನವಿರಲಿ, ರೇಡಿಯೋ ಕೂರಿಸುವುದು ಮೆಟ್ಟಿಲ ಕೆಳಗಿನ ಆ ಕೋಣೆಯಲ್ಲೇ. ನನ್ನ ಕಣ್ಣಿನ ಅಗತ್ಯ ಎಂದೋ ಮುಗಿದಿದೆ. ಸುಮ್ಮನೆ ಹೋಗಿ ಕೂರುತ್ತೇನೆ. ಮೊನ್ನೆ ಒಂದು ಚಿಕ್ಕ ವಿಮಾನದ ಹೊಟ್ಟೆ ಬಗೆದು ಕುಳಿತಿದ್ದರು.

"ಅಣ್ಣ ಆಗಿದ್ರೆ ಬ್ಯಾಟರಿ ತಂತೀನ ಎಡಗಡೆ ತರ್ತಿದ್ದ. ನಾನು ಬಲಗಡೆ ತರ್ತೀನಿ. ಇದೇ ಸರಿ."

"ಇದ್ದಿದ್ರೆ ಒಪ್ಪುತ್ತಿದ್ರಾ?"

"ಎಲ್ಲಿ ಒಪ್ತಿದ್ದ! ಗಂಟೆಗಟ್ಟಲೆ ಜಗಳ ಆಡ್ತಿದ್ದ" ಎಂದು ನಕ್ಕರು. ನಗು ನಿಂತ ಮೇಲೂ ಕೈಯಲ್ಲಿನ ತಂತಿಯನ್ನು ಹಾಗೇ ಹಿಡಿದಿದ್ದರು. ಆಮೇಲೆ ಬಲಗಡೆಯಿಂದಲೇ ಅದನ್ನು ಒಳಗೆ ತೂರಿಸಿ, "ರೆಕ್ಕೆ ಸ್ವಲ್ಪ ಎತ್ತಿ ಹಿಡೀರಿ ಮೇಷ್ಟ್ರೇ" ಎಂದರು.